ಮೊಬೈಲ್ ಹಿಡಿದ ಕೈ

ಅರವತ್ತೆರಡನೆಯ ಪುಟ ಮುಗಿದರೂ ಆ ಹುಡುಗಿ ನೀರಿನ ಟ್ಯಾಂಕಿನಿಂದ ಬೀಳಲಿಲ್ಲ. ನನಗೆ ಸಿಟ್ಟು ಬಂತು. ಪುಸ್ತಕ ಮುಚ್ಚಿ ಪಕ್ಕದ ಸೀಟಿಗೆ ಎಸೆದೆ. ಎರಡು ನಿಮಿಷ ಬಿಟ್ಟು ಮತ್ತೆ ಎತ್ತಿಕೊಂಡೆ.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ. ದೋಹಾದ ಮದೀನತ್ ಖಲೀಫಾದಲ್ಲಿ, ನಮ್ಮ ಊರಿನ ಕಡೆಯ ಅಮಿತಾಳ ವಿಲ್ಲಾದ ಗೇಟಿನೆದುರು ಕಾರು ನಿಲ್ಲಿಸಿ, ಏಸಿ ಹಾಕಿಕೊಂಡು, ಐವತ್ತೆಂಟರ ಪ್ರಾಯದಲ್ಲಿ ನಾನು ಹೈಸ್ಕೂಲು ಮಕ್ಕಳ ಪತ್ತೇದಾರಿ ಕಾದಂಬರಿ ಓದುತ್ತಿದ್ದೆ. ಪರಿಚಯದವರು ಯಾರಾದರೂ ಕಂಡಿದ್ದರೆ, ಸಂಕಪ್ಪಣ್ಣನಿಗೆ ಬಿಸಿಲು ತಲೆಗೇರಿದೆ ಎಂಬ ಸುದ್ದಿ ನಾನು ಮನೆ ಮುಟ್ಟುವ ಮೊದಲೇ ನಾವಿರುವ ಬಿನ್ ಒಮ್ರಾನ್ ಮುಟ್ಟುತ್ತಿತ್ತು.

ಆದರೆ ನನ್ನ ತಂಗಿಯ ಮಗ ಕೃತಿಕ್ ಇಲ್ಲಿನ ಜೈಲಿನಲ್ಲಿ ಕೂತು ಇವತ್ತಿಗೆ ಹದಿನೈದು ದಿನ. ರಜೆ ಮುಗಿಸಿ ಊರಿಂದ ಬರುವಾಗ ಅಮಿತಾಳಿಗೆಂದು ಒಂದು ಪಾರ್ಸೆಲ್ ತಂದಿದ್ದ. ದೋಹಾ ಏರ್‌ಪೋರ್ಟಿನಲ್ಲಿ ಅದನ್ನು ಬಿಚ್ಚಿದಾಗ ಹಪ್ಪಳದ ಕಟ್ಟಿನೊಳಗೆ ಆರು ಪಟ್ಟಿ ನಿದ್ದೆ ಮಾತ್ರೆ ಸಿಕ್ಕಿತು. ಊರಿನಲ್ಲಿ ಡಾಕ್ಟರ ಚೀಟಿ ತೋರಿಸಿದರೆ ಯಾವ ಮೆಡಿಕಲ್‌ನಲ್ಲೂ ಕೊಡುವ ಮಾತ್ರೆ ಅದು. ಇಲ್ಲಿ ಅದನ್ನು ತರುವಂತಿಲ್ಲ.

ಭಾನುವಾರ ಬೆಳಿಗ್ಗೆ ಅವನ ಕಾಗದಪತ್ರ ಪ್ರಾಸಿಕ್ಯೂಟರರ ಮುಂದೆ ಹೋಗುತ್ತದೆ. ಮಾತ್ರೆ ಇಟ್ಟವರ ಹೆಸರು ಅಷ್ಟರೊಳಗೆ ಬೇಕು ಎಂದು ವಕೀಲರು ಹೇಳಿದ್ದಾರೆ. ಹೆಸರಿಲ್ಲದಿದ್ದರೆ ಮಾಲು ತಂದವನದೇ ಆಗುತ್ತದೆ. ಬಿನ್ ಒಮ್ರಾನಿನ ಟೈಪಿಂಗ್ ಸೆಂಟರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಜನರ ಅರ್ಜಿ ತುಂಬಿಸಿದವನು ನಾನು. ಹೆಸರಿನ ಜಾಗ ಖಾಲಿ ಬಿಟ್ಟ ಕಾಗದ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗುವುದಿಲ್ಲ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೃತಿಕ್‌ನ ವೀಸಾ ಅರ್ಜಿಯನ್ನು ಟೈಪ್ ಮಾಡಿದ್ದೂ ನಾನೇ. ತಂದೆ ಇಲ್ಲದ ಹುಡುಗ. ನಮ್ಮ ತುಳುವರಲ್ಲಿ ಅಳಿಯನ ಭಾರ ಮಾವನ ಹೆಗಲ ಮೇಲೆ. ತಂಗಿ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಾಳೆ, ಅತ್ತು ಇಡುತ್ತಾಳೆ. ಬುಧವಾರ ಹತ್ತು ನಿಮಿಷ ಅವನನ್ನು ನೋಡಲು ಬಿಟ್ಟರು. “ನನಗೆ ಗೊತ್ತಿಲ್ಲ ಮಾವ” ಎಂಬುದು ಬಿಟ್ಟರೆ ಅವನ ಬಾಯಿಂದ ಬೇರೆ ಮಾತು ಹೊರಡಲಿಲ್ಲ. ಎದ್ದು ಬರುವಾಗ ಮಾಮಿ, ಎಂದರೆ ನನ್ನ ಹೆಂಡತಿ, ಹೇಗಿದ್ದಾರೆ ಎಂದು ಎರಡೆರಡು ಸಲ ಕೇಳಿದ. ಹೆತ್ತ ತಾಯಿಯ ಬಗ್ಗೆ ಒಂದು ಸಲವೂ ಕೇಳಲಿಲ್ಲ. ಹೆದರಿದ ಮಕ್ಕಳ ಮನಸ್ಸು ಎಲ್ಲೆಲ್ಲೋ ಓಡುತ್ತದೆ ಎಂದುಕೊಂಡು ಸುಮ್ಮನಾದೆ.

ಇನ್ನು ಈ ಪುಸ್ತಕದ ವಿಚಾರ. ಇದೂ ಅದೇ ಪಾರ್ಸೆಲಿನಲ್ಲಿ ಬಂದದ್ದು. ಇದರ ಕಥೆ ಮೊದಲು ಟಿವಿಯಲ್ಲಿ ಎಂಟು ಕಂತು ಬಂದಿತ್ತು. ಅಮಿತಾ ನೋಡಿ, ಸಿಕ್ಕಿದವರಿಗೆಲ್ಲ ನೋಡಿ ನೋಡಿ ಎಂದು ಹೇಳಿ, ಕೊನೆಗೆ ಪುಸ್ತಕವೇ ಬೇಕೆಂದು ಮಂಗಳೂರಿನಲ್ಲಿರುವ ತಮ್ಮ ಅಕ್ಷಯ್‌ನಿಂದ ತರಿಸಿಕೊಂಡಿದ್ದಳು. ನನ್ನ ಹೆಂಡತಿ ಪೂವಕ್ಕನೂ ಎಂಟೂ ಕಂತು ನೋಡಿದಳು. ಅವಳಿಗೆ ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ, ಜೊತೆಗಿರಲಿ ಎಂದು ನಾನೂ ಕೂತಿದ್ದೆ. ಮಾತ್ರೆಯನ್ನೂ ಹಪ್ಪಳವನ್ನೂ ಕಸ್ಟಮ್ಸ್‌ನವರು ಇಟ್ಟುಕೊಂಡು, ಉಳಿದ ಸಾಮಾನಿಗೆ ನನ್ನ ಸಹಿ ಹಾಕಿಸಿ ಕೊಟ್ಟರು. ಈ ಪುಸ್ತಕ ನನ್ನ ಮನೆಯೊಳಗೆ ಬೇಡವೇ ಬೇಡ ಎಂದು ಅಮಿತಾ ಅದನ್ನು ನನ್ನ ಕೈಗೇ ತಿರುಗಿ ಕೊಟ್ಟಳು.

ಮೊದಲು ಒಂದೊಂದೇ ಹಾಳೆ ಬಿಡಿಸಿ ಮಾತ್ರೆ ಇಟ್ಟವರ ಸುಳಿವು ಹುಡುಕಿದೆ. ಒಂದೂ ಇರಲಿಲ್ಲ. ಕೂತರೂ ನಿಂತರೂ ಸಮಾಧಾನವಿಲ್ಲದ್ದಕ್ಕೆ ನಿನ್ನೆಯಿಂದ ಓದಲು ಹಿಡಿದೆ.

ಓದಲು ಹಿಡಿದರೆ ಈ ಕಿರಿಕಿರಿ. ಬೆಟ್ಟದ ಮೇಲೊಂದು ಹಾಸ್ಟೆಲು. ಒಬ್ಬ ಹುಡುಗಿ ನೀರಿನ ಟ್ಯಾಂಕಿನಿಂದ ಬಿದ್ದು ಸಾಯುತ್ತಾಳೆ, ತಳ್ಳಿದವರು ಯಾರೆಂದು ಅವಳ ಗೆಳತಿ ಹುಡುಕುತ್ತಾಳೆ. ಟಿವಿಯಲ್ಲಿ ಮೊದಲ ನಿಮಿಷದಲ್ಲೇ ಅವಳು ಬಿದ್ದಾಗಿತ್ತು. ಮೇಲಿನಿಂದ ಕೆಳಕ್ಕೆ, ಗಾಳಿಗೆ ಹಾರಿದ ದುಪಟ್ಟಾ ಸಮೇತ ನಾನು ಕಣ್ಣಾರೆ ಕಂಡಿದ್ದೇನೆ. ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ. ಪುಸ್ತಕದಲ್ಲಿ ಕಥೆ ಹೇಳುವವಳು ಆ ಗೆಳತಿ. ಆ ಹೊತ್ತಿಗೆ ಅವಳು ಜ್ವರ ಬಂದು ಸಿಕ್ ರೂಮಿನಲ್ಲಿ ಮಲಗಿದ್ದಳು. ಕಾಣದ್ದನ್ನು ಅವಳು ಹೇಳುವುದಾದರೂ ಹೇಗೆ?

ಹಾಗಾದರೆ ಟಿವಿಯಲ್ಲಿ ಅದನ್ನು ಕಂಡವರು ಯಾರು?

ಕ್ಯಾಮರಾ. ಅದನ್ನು ಹಿಡಿದವನೊಬ್ಬ ಟ್ಯಾಂಕಿನ ಮೇಲೆ ನಿಂತಿರಲೇಬೇಕು. ಎಂಟು ಕಂತು ನೋಡಿದರೂ ಅವನ ನೆನಪು ನಮಗೆ ಒಂದು ಸಲವೂ ಆಗಿರಲಿಲ್ಲ. ಇದು ತಲೆಗೆ ಬಂದದ್ದೇ ತಡ, ನನ್ನ ಕೈ ಮೊಬೈಲ್ ಹುಡುಕಿತು.

ಗಲ್ಫಿಗೆ ಬರುವವನ ಪೆಟ್ಟಿಗೆಯಲ್ಲಿ ಅರ್ಧ ಜಾಗ ಬೇರೆಯವರದು. ಕೊಡುವವರಿಗೆ ಇಲ್ಲ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಎರಡು ಮೂರು ಜನ ಇದರಿಂದ ಸಿಕ್ಕಿಬಿದ್ದ ಮೇಲೆ ನಮ್ಮವರು ಒಂದು ಕ್ರಮ ಮಾಡಿಕೊಂಡಿದ್ದಾರೆ. ಪಾರ್ಸೆಲ್ ಕಟ್ಟುವವನು ಒಂದೊಂದೇ ಸಾಮಾನು ತೋರಿಸುತ್ತ ವಿಡಿಯೋ ಮಾಡಿ, ತರುವವನಿಗೂ ತರಿಸಿಕೊಂಡವರಿಗೂ ಕಳಿಸಬೇಕು. ಅಕ್ಷಯ್‌ ಕೂಡ ಕಳಿಸಿದ್ದ. ಹದಿನೈದು ದಿನದಲ್ಲಿ ಅಮಿತಾ ಕೊಟ್ಟ ಆ ವಿಡಿಯೋವನ್ನು ನಾನು ನೂರು ಸಲ ನೋಡಿದ್ದೇನೆ. ನೋಡಿದ್ದೆಲ್ಲ ಸಾಮಾನನ್ನು.

ಮೊಬೈಲಿನಲ್ಲಿ ಒಂಬತ್ತು ಪರ್ಸೆಂಟ್ ಚಾರ್ಜು. ಪೂವ ತನ್ನ ಚಾರ್ಜರನ್ನು ಊರಲ್ಲಿ ಮರೆತು ಬಂದ ಮೇಲೆ ನಮ್ಮ ಮನೆಯಲ್ಲಿ ಒಂದೇ ಇರುವುದು, ರಾತ್ರಿ ಅದು ಅವಳ ಪಾಲು. ನಜ್ಮಾ ಏರಿಯಾದ ಬ್ಯಾಚುಲರ್ ರೂಮಿನಲ್ಲಿ ಏಳು ಜನರ ಜೊತೆ ಇದ್ದ ಕಾಲದಿಂದ ನಾನು ನನ್ನ ಸಾಮಾನಿಗೆಲ್ಲ, ಈಗ ಪೂವಳದ್ದಕ್ಕೂ, ಎರಡು ಸುತ್ತು ಹಳದಿ ಟೇಪು ಹಾಕುವವನು. ಆಗ ಏಳು ಜನರ ನಡುವೆ ಕಳೆಯದ ಚಾರ್ಜರು ಈಗ ಇಬ್ಬರ ನಡುವೆ ಕಳೆಯಿತಲ್ಲ ಎಂದು ಅವಳನ್ನು ಛೇಡಿಸಿದ್ದೆ.

ವಿಡಿಯೋ ಓಡಿಸಿದೆ. ಮಂಗಳೂರಿನ ಕದ್ರಿಯಲ್ಲಿ ಅಕ್ಷಯ್‌ನ ಫ್ಲ್ಯಾಟಿನ ಅಡುಗೆಮನೆ, ಕಪ್ಪು ಕಲ್ಲಿನ ಕಟ್ಟೆ. ಅಕ್ಷಯ್‌ನ ಎಡಗೈ ಎಣ್ಣೆ ಬಾಟಲಿ ಎತ್ತಿತು, ಬಲಗೈ ಮುಚ್ಚಳ ತಿರುಗಿಸಿ ತೋರಿಸಿತು. ಎರಡು ಕೈಯಲ್ಲಿ ಪುಸ್ತಕ ಹಿಡಿದು ಹಾಳೆಗಳನ್ನು ಬರ್ರನೆ ಬಿಟ್ಟ. ಆಗ ಚಿತ್ರ ಹತ್ತಿರಕ್ಕೆ ಸರಿಯಿತು.

ಅವನ ಎರಡು ಕೈಯೂ ಪುಸ್ತಕದ ಮೇಲಿತ್ತು.

ಕೂಡಲೇ ಹಾಶಿಮ್‌ಗೆ ವಾಯ್ಸ್ ಮೆಸೇಜ್ ಹಾಕಿದೆ. ಅವನು ವಕೀಲರ ಆಫೀಸಿನಲ್ಲಿ ಅರಬಿ ಭಾಷಾಂತರ ಮಾಡುವ ಉಳ್ಳಾಲದವನು. ಪಾರ್ಸೆಲ್ ಕಟ್ಟುವಾಗ ಅಲ್ಲಿ ಇನ್ನೊಬ್ಬರಿದ್ದರು, ಮಧ್ಯಾಹ್ನದೊಳಗೆ ಹೆಸರು ಕೊಡುತ್ತೇನೆ, ಕಾಗದ ತಯಾರು ಮಾಡಿಡು ಎಂದೆ. ಹದಿನೈದು ದಿನದ ಮೇಲೆ ಮೊದಲ ಸಲ ನನ್ನ ಧ್ವನಿಯಲ್ಲಿ ಹುಮ್ಮಸ್ಸಿತ್ತು. ಮೆಸೇಜ್ ಹೋಯಿತು, ಮೊಬೈಲು ಸತ್ತಿತು.

ಅಮಿತಾ ಬಾಗಿಲು ತೆರೆದಾಗ ನನ್ನ ಕೈಯಲ್ಲಿದ್ದ ಪುಸ್ತಕ ಕಂಡು ಮುಖ ಸಿಂಡರಿಸಿದಳು. ಹಲ್ಲಿನ ಕ್ಲಿನಿಕ್ಕೊಂದರ ರಿಸೆಪ್ಷನ್‌ನಲ್ಲಿ ಕೂರುವವಳು, ಹೊರಗೆ ಸದಾ ನಗುಮುಖ. ಗಂಡ ರಾಸ್ ಲಫ್ಫಾನ್ ಗ್ಯಾಸ್ ಪ್ಲಾಂಟಿನ ಡ್ಯೂಟಿಗೆ ಹೋಗಿದ್ದ. ಕೂರಿ ಎಂದಳು, ಚಾ ಬೇಕಾ ಎಂದು ಕೇಳಲಿಲ್ಲ. ಹದಿನೈದು ದಿನದಿಂದ ನನ್ನ ತಂಗಿ ಇವಳ ತಮ್ಮನನ್ನು ಬೈಯುತ್ತಿದ್ದಾಳೆ, ಅದು ಇವಳ ಕಿವಿಗೂ ಬಿದ್ದಿದೆ. ಅವಳದು ತಪ್ಪೆಂದು ಹೇಳಲಾರೆ.

ಆ ದಿನ ಅಕ್ಷಯ್‌ ಜೊತೆ ಯಾರಿದ್ದರು ಎಂದು ಕೇಳಿದೆ. ಯಾರೂ ಇಲ್ಲ, ಒಬ್ಬನೇ ಎಂದಳು. ಅವನ ಹೆಂಡತಿ ಹೆರಿಗೆಗೆ ತಾಯಿಮನೆಗೆ ಹೋಗಿ ಆಗಲೇ ತಿಂಗಳಾಗಿತ್ತಂತೆ. ಅಕ್ಷಯ್‌ಗೆ ಆಫೀಸಿನ ಕೆಲಸದಲ್ಲಿ ಕೊಚ್ಚಿಗೆ ಹೋಗುವುದಿತ್ತು. ಹಾಗಾಗಿ ಕೃತಿಕ್ ಹೊರಡುವ ಹನ್ನೊಂದು ದಿನ ಮೊದಲೇ, ಮೂರನೇ ತಾರೀಕಿಗೆ ಎಲ್ಲ ಕಟ್ಟಿ ವಿಡಿಯೋ ಕಳಿಸಿದ್ದಾನೆ.

“ಒಬ್ಬನೇ ಇದ್ದದ್ದು ಅಂತ ನಿನಗೆ ಹೇಗೆ ಗೊತ್ತು?”

“ಅವನೇ ಹೇಳಿದ್ದಲ್ವಾ. ವಿಡಿಯೋದಲ್ಲೂ ಅವ ಒಬ್ಬನೇ ಇರುವುದು. ನೀವು ಎಂತ ಸಂಕಪ್ಪಣ್ಣ, ಮತ್ತೆ ಅಲ್ಲಿಂದಲೇ ಶುರು ಮಾಡ್ತೀರಿ?”

“ಒಂದು ಸಲ ಹಾಕು. ಟಿವಿಯಲ್ಲಿ ಹಾಕು, ದೊಡ್ಡದಾಗಿ ಕಾಣಲಿ.”

ಹಾಕುವ ಮನಸ್ಸಿರಲಿಲ್ಲ ಅವಳಿಗೆ. ಸ್ವಲ್ಪ ಹೊತ್ತು ಮೊಬೈಲನ್ನು ಆಚೀಚೆ ತಿರುಗಿಸಿದಳು. ನಿಮಗೆ ನಿಮ್ಮ ಅಳಿಯ, ನನಗೆ ನನ್ನ ತಮ್ಮ, ಅವನನ್ನು ಹಾಳು ಮಾಡಲು ನನ್ನ ಮನೆಗೇ ಬಂದಿರಾ ಎಂದಳು. ಕೊನೆಗೆ ಹಾಕಿದಳು.

ಗೋಡೆಯಗಲದ ಟಿವಿಯಲ್ಲಿ ಅಕ್ಷಯ್‌ನ ಕೈಗಳು ದೊಡ್ಡದಾಗಿ ಬಂದವು. ಪುಸ್ತಕದ ಹಾಳೆ ಬಿಡಿಸುವಲ್ಲಿ ನಿಲ್ಲಿಸು ಎಂದೆ. ನಿಲ್ಲಿಸಿದಳು.

“ಎರಡು ಕೈ ಇಲ್ಲಿ ಉಂಟು. ಮೊಬೈಲ್ ಹಿಡಿದದ್ದು ಯಾರು?”

ಅಮಿತಾ ಎದ್ದು ಟಿವಿಯ ಹತ್ತಿರ ಹೋಗಿ ನಿಂತಳು. ಅವಳೂ ಈ ವಿಡಿಯೋವನ್ನು ನೂರು ಸಲ ನೋಡಿದವಳೇ, ತಮ್ಮನ ಕೈಯಲ್ಲಿ ತಪ್ಪಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲು. ಈಗ ಅವಳ ಕುತ್ತಿಗೆ ಕೆಂಪೇರಿತು.

ತಮ್ಮನಿಗೆ ಅವಳೇ ಫೋನ್ ಮಾಡಿದಳು. ನಾನು ಹೇಳಿರಲಿಲ್ಲ. ಸ್ಪೀಕರ್ ಹಾಕಿ ಟೀಪಾಯಿಯ ಮೇಲಿಟ್ಟು ನೇರವಾಗಿ ಕೇಳಿದಳು. ಅಕ್ಷಯ್‌ ತಡಬಡಿಸಲಿಲ್ಲ. ಮೊಬೈಲನ್ನು ಸ್ಟ್ಯಾಂಡಿನ ಮೇಲಿಟ್ಟಿದ್ದೆ ಅಕ್ಕಾ ಎಂದ.

“ಸ್ಟ್ಯಾಂಡ್ ನಡೀತದಾ ಅಕ್ಷಯ್? ಪುಸ್ತಕದ ಹತ್ತಿರ ಬಂದು ನೋಡಿ ಹೋಗ್ತದಾ?”

ಆ ಕಡೆ ಒಂದು ಬಸ್ಸಿನ ಹಾರ್ನು ಕೇಳಿತು.

“ಅಕ್ಕಾ, ಅದನ್ನು ನನ್ನ ಹತ್ರ ಕೇಳ್ಬೇಡ. ಸಂಕಪ್ಪಣ್ಣ ಅಲ್ಲಿದ್ದಾರಾ?”

“ಇದ್ದಾರೆ.”

ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಅಮಿತಾ ಸೋಫಾದಲ್ಲಿ ಕುಸಿದು ಕೂತಳು. ಅವನು ಯಾರನ್ನೋ ಕಾಪಾಡುತ್ತಿದ್ದಾನೆ ಸಂಕಪ್ಪಣ್ಣ ಎಂದಳು. ನನಗೂ ಹಾಗೆಯೇ ಅನಿಸಿತ್ತು. ಯಾವುದೋ ಹೆಣ್ಣಿನ ವಿಚಾರ ಇರಬೇಕು, ಹೆಂಡತಿ ಬಸುರಿ, ಮನೆಯಲ್ಲಿ ಒಬ್ಬನೇ ಎಂದು ನನ್ನ ಕೆಟ್ಟ ತಲೆ ಓಡತೊಡಗಿತು. ನಾನು ಇಲ್ಲಿದ್ದೇನೆಯೇ ಎಂದು ಅವನು ಯಾಕೆ ಕೇಳಿದ ಎಂಬುದರ ಕಡೆಗೆ ಅದು ಓಡಲಿಲ್ಲ.

ಇನ್ನೊಮ್ಮೆ ಮೊದಲಿನಿಂದ ಹಾಕಿಸಿದೆ. ಈ ಸಲ ಸಾಮಾನನ್ನೂ ನೋಡಲಿಲ್ಲ, ಅಕ್ಷಯ್‌ನ ಕೈಯನ್ನೂ ನೋಡಲಿಲ್ಲ. ಮೊಬೈಲ್ ಎಲ್ಲಿಗೆ ಹೋಗುತ್ತದೆ, ಎಲ್ಲಿಗೆ ಹೋಗುವುದಿಲ್ಲ ಎಂಬುದನ್ನಷ್ಟೇ ನೋಡಿದೆ.

ಎಣ್ಣೆ ಬಾಟಲಿಯ ಹತ್ತಿರ ಹೋಯಿತು. ಸಾಂಬಾರ್ ಪುಡಿಯ ಹತ್ತಿರ ಹೋಯಿತು. ಪುಸ್ತಕದ ಹತ್ತಿರ ಹೋಗಿ ಪುರುಸೊತ್ತಿನಲ್ಲಿ ನಿಂತಿತು. ಹಪ್ಪಳದ ಕಟ್ಟು ಬಂದಾಗ ಮಾತ್ರ ಹತ್ತಿರ ಹೋಗಲಿಲ್ಲ. ಅಕ್ಷಯ್‌ ಅದನ್ನು ಎತ್ತುತ್ತಿದ್ದಂತೆ ಚಿತ್ರ ಒಂದಿಷ್ಟು ಅಲುಗಾಡಿ ಪಕ್ಕಕ್ಕೆ ಜಾರಿತು. ಅರ್ಧ ಸೆಕೆಂಡು ಖಾಲಿ ಕಟ್ಟೆಯ ಮೂಲೆ ಕಂಡಿತು, ಆಮೇಲೆ ತಿರುಗಿ ಬಂತು. ಅಷ್ಟರಲ್ಲಿ ಹಪ್ಪಳ ಡಬ್ಬಿಯೊಳಗೆ ಹೋಗಿ ಆಗಿತ್ತು.

ಹಿಡಿದ ಕೈಗೆ ಗೊತ್ತಿತ್ತು. ಹಪ್ಪಳದಲ್ಲಿ ಏನಿದೆ ಎಂದು ಆ ಕೈಗೆ ಗೊತ್ತಿತ್ತು, ಹಾಗಾಗಿ ನಡುಗಿತು.

“ಆ ಮೂಲೆಯಲ್ಲಿ ನಿಲ್ಲಿಸು,” ಎಂದೆ.

ಮೂರು ಸಲ ತಪ್ಪಿ ನಾಲ್ಕನೇ ಸಲ ನಿಂತಿತು. ಕಪ್ಪು ಕಟ್ಟೆ, ಒಂದು ಸ್ಟೀಲ್ ಲೋಟ, ಗೋಡೆಯ ಪ್ಲಗ್ಗು. ಪ್ಲಗ್ಗಿಗೆ ಒಂದು ಅಡಾಪ್ಟರು ಸಿಕ್ಕಿಸಿತ್ತು, ಅದರ ಮೇಲೆ ಒಂದು ಚಾರ್ಜರು. ಊರಿನ ದುಂಡು ಕಡ್ಡಿಯದ್ದಲ್ಲ. ನಮ್ಮ ಇಲ್ಲಿನ, ಚಪ್ಪಟೆ ಮೂರು ಕಡ್ಡಿಯ, ದಪ್ಪ ಬೆನ್ನಿನದು. ಗಲ್ಫಿನಿಂದ ರಜೆಗೆ ಹೋದವರಲ್ಲದೆ ಇಂಥದ್ದನ್ನು ಅಡಾಪ್ಟರು ಹಾಕಿ ಬಳಸುವವರು ಊರಲ್ಲಿ ಯಾರೂ ಇಲ್ಲ.

ಚಾರ್ಜರಿನ ವಯರಿನ ಬುಡದಲ್ಲಿ ಹಳದಿ ಟೇಪು ಇತ್ತು. ಎರಡು ಸುತ್ತು.

ಪೂವ ಊರಿಂದ ಬಂದದ್ದು ಐದನೇ ತಾರೀಕಿಗೆ. ಇಪ್ಪತ್ತು ದಿನವೂ ಬೆಳ್ತಂಗಡಿಯ ತವರಿನಲ್ಲೇ ಇದ್ದೆ, ವಿಮಾನ ಹತ್ತಲು ಬಿಟ್ಟರೆ ಮಂಗಳೂರು ಕಡೆಗೆ ತಲೆ ಹಾಕಲಿಲ್ಲ ಎಂದು ಅವಳೇ ಹೇಳಿದ್ದಳು. ಎರಡು ವರ್ಷದಿಂದ ರಾತ್ರಿಯಿಡೀ ಹಾಲ್‌ನಲ್ಲಿ ತಿರುಗಾಡುವ ಹೆಂಗಸು. ನಿದ್ದೆ ಮಾತ್ರೆ ಯಾರಿಗೆ ಬೇಕಿತ್ತು ಎಂದು ಹದಿನೈದು ದಿನ ಊರೆಲ್ಲ ಹುಡುಕಿದ ದೊಡ್ಡ ಪತ್ತೇದಾರ ನಾನು, ನನ್ನ ಮಗ್ಗುಲನ್ನೇ ನೋಡಲಿಲ್ಲ.

“ಎಂತ ಕಂಡಿತು?” ಅಮಿತಾ ಕೇಳಿದಳು.

ನಾನು ರಿಮೋಟ್ ತೆಗೆದುಕೊಂಡು ಟಿವಿ ಆರಿಸಿದೆ.

“ಏನೂ ಇಲ್ಲ. ಪ್ಲಗ್ಗು.”

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ತಮ್ಮನ ಮೇಲೆ ಹದಿನೈದು ದಿನ ಬಿದ್ದ ಮಾತನ್ನೆಲ್ಲ ಅಲ್ಲೇ ಕ್ಷಮೆ ಕೇಳಿ ಹಿಂದೆಗೆದುಕೊಳ್ಳಬೇಕಿತ್ತು. ನನಗೆ ನಾಚಿಕೆಯಾಯಿತು, ಆದರೆ ಬಾಯಿ ಬಿಡಲಿಲ್ಲ. ಪುಸ್ತಕವನ್ನು ಅಲ್ಲೇ ಬಿಟ್ಟು ಹೊರಟೆ. ಅವಳು ಅದನ್ನು ಗೇಟಿನ ತನಕ ತಂದು ಕಾರಿನ ಕಿಟಕಿಯಿಂದ ಒಳಗೆ ಹಾಕಿದಳು.

ಜುಮ್ಮಾ ನಮಾಜಿನ ಹೊತ್ತು. ಅಂಗಡಿಗಳೆಲ್ಲ ಮುಚ್ಚಿ ರಸ್ತೆ ಖಾಲಿ. ಹತ್ತು ನಿಮಿಷದ ದಾರಿಯನ್ನು ನಾನು ಮುಕ್ಕಾಲು ಗಂಟೆ ಮಾಡಿದೆ. ಎರಡು ಸಲ ಬಿನ್ ಒಮ್ರಾನಿನ ತಿರುವು ಬಿಟ್ಟು ಮುಂದೆ ಹೋದೆ. ಹೆಸರು ಕೊಟ್ಟರೆ ಅಳಿಯ ಹೊರಗೆ ಬರುತ್ತಾನೆ, ಹೆಂಡತಿ ಒಳಗೆ ಹೋಗುತ್ತಾಳೆ. ಕೊಡದಿದ್ದರೆ ಇಪ್ಪತ್ತಾರರ ಹುಡುಗನ ಬಾಳು ಮುಗಿಯುತ್ತದೆ, ನಾನು ತಂಗಿಗೆ ಮುಖ ತೋರಿಸುವಂತಿಲ್ಲ. ಪೂವ ಹೇಗಾದರೂ ಇಲ್ಲ ಎನ್ನಲಿ, ಚಾರ್ಜರನ್ನು ಯಾರಿಗೋ ಕೊಟ್ಟಿದ್ದೆ ಎನ್ನಲಿ, ನಾನು ನಂಬಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಮೂರನೇ ಮಾಳಿಗೆಯ ನಮ್ಮ ಫ್ಲ್ಯಾಟಿನಲ್ಲಿ ಕುಚ್ಚಲಕ್ಕಿ ಬೆಂದ ವಾಸನೆ. ಪೂವ ಬಟ್ಟಲು ಹಾಕಿಟ್ಟಿದ್ದಳು. ಯಾಕೆ ಇಷ್ಟು ತಡ ಎಂದು ಕೇಳಿದಳು. ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡು, ಇರುವ ಒಂದೇ ಚಾರ್ಜರಿಗೆ ತಾನೇ ಸಿಕ್ಕಿಸಿದಳು. ಹಳದಿ ಟೇಪು ಅವಳ ಬೆರಳ ನಡುವೆ ಕಂಡಿತು.

“ಪೂವ, ನಿನ್ನ ಚಾರ್ಜರ್ ಕದ್ರಿಯಲ್ಲಿ ಉಂಟು,” ಎಂದೆ.

ಅವಳು ತಿರುಗಲಿಲ್ಲ. ಸೌಟನ್ನು ಪಾತ್ರೆಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿದಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿದಳು. ಮೂವತ್ತು ವರ್ಷ ಸಂಸಾರ ಮಾಡಿದ ನನಗೆ ಅದಕ್ಕಿಂತ ಹೆಚ್ಚಿನ ಉತ್ತರ ಬೇಕಿರಲಿಲ್ಲ.

ಅಷ್ಟರಲ್ಲಿ ಮೊಬೈಲಿಗೆ ಜೀವ ಬಂದು ಒಂದರ ಹಿಂದೆ ಒಂದು ಮೆಸೇಜ್ ಬೀಳತೊಡಗಿತು. ಕೂಡಲೇ ಹಾಶಿಮ್‌ನ ಫೋನು. ನಾನು ಎತ್ತಬಾರದಿತ್ತು. ಚಾರ್ಜರಿನ ಗಿಡ್ಡ ವಯರಿಗೆ ಬಗ್ಗಿ, ಸ್ಪೀಕರ್ ಒತ್ತಿ, ಹಲೋ ಎಂದೆ.

“ಸಂಕಪ್ಪಣ್ಣ, ಎಷ್ಟು ಸಲ ಮಾಡಿದೆ ಮಾರಾಯ್ರೆ. ವಕೀಲರು ಖುಷಿಯಲ್ಲಿದ್ದಾರೆ. ಮೊಬೈಲ್ ಹಿಡಿದವರ ಹೆಸರೊಂದು ಬರೆದರೆ ಖಲಾಸ್, ಕೃತಿಕ್‌ಗೆ ಗೊತ್ತಿರಲಿಲ್ಲ ಅಂತ ವಾದ ಮಾಡ್ಲಿಕ್ಕೆ ದಾರಿ ಆಯ್ತು. ಹೇಳಿ, ಬರ್ಕೊಳ್ತೇನೆ.”

ಪೂವ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ. ಹದಿನೈದು ದಿನ ಹೊತ್ತದ್ದನ್ನು ಕೆಳಗಿಳಿಸಿ ಬಿಡುವ ಆತುರವಿತ್ತು. ಫೋನ್ ಇನ್ನೂ ಚಾಲೂ ಇದೆ ಎಂದು ನಾನು ಕೈಸನ್ನೆ ಮಾಡುವಷ್ಟರಲ್ಲಿ ಅವಳು ಬಾಯಿ ಬಿಟ್ಟಾಗಿತ್ತು.

“ಕೊಡಿ ನನ್ನ ಹೆಸರು. ಆದ್ರೆ ಕೃತಿಕ್ ಹೊರಗೆ ಬರುವುದಿಲ್ಲ. ಹಪ್ಪಳದಲ್ಲಿ ಮಾತ್ರೆ ಉಂಟು ಅಂತ ಅವನಿಗೆ ಗೊತ್ತಿತ್ತು. ಮಾಮಿ, ಏರ್‌ಪೋರ್ಟಲ್ಲಿ ನಿಮ್ಮ ಕೈ ನಡುಗ್ತದೆ, ನೀವು ತರ್ಬೇಡಿ, ಅಮಿತಕ್ಕನ ಪಾರ್ಸೆಲಲ್ಲಿ ಇಡಿ, ನಾನು ತಂದು ಅವರಿಗೆ ಕೊಡುವ ಮೊದಲು ತೆಗೆದು ಕೊಡ್ತೇನೆ ಅಂತ ಹೇಳಿದ್ದೇ ಅವ.”

ಅಡುಗೆಮನೆಯಲ್ಲಿ ಗಂಜಿ ಉಕ್ಕಿ ಒಲೆಯ ಮೇಲೆ ಚುಂಯ್ ಎಂದಿತು. ನಾವಿಬ್ಬರೂ ಅತ್ತ ನೋಡಲಿಲ್ಲ.

“ಸಂಕಪ್ಪಣ್ಣ,” ಎಂದ ಹಾಶಿಮ್, ಧ್ವನಿ ತಗ್ಗಿಸಿ, “ಅಲ್ಲಿ ಮಾತಾಡಿದ್ದು ಯಾರು?”